ಇಂದುಮತಿಯ ಟೈಪಿಂಗ್ ಕ್ಲಾಸು

ಇಂದುಮತಿ ಟೈಪ್ ಮಾಡುವಾಗ ಕೀಬೋರ್ಡಿನ ಕಡೆ ನೋಡುತ್ತಿರಲಿಲ್ಲ. ಹಾಗೆ ನೋಡುವುದು ಪಂಕ್ತಿಯಲ್ಲಿ ಕೂತು ಪಕ್ಕದವರ ಎಲೆ ನೋಡಿದಂತೆ ಎಂಬ ಭಾವನೆ ಅವಳಿಗೆ ಹುಡುಗಿಯಾಗಿದ್ದಾಗಿನಿಂದಲೇ ಇತ್ತು. ಮೈಸೂರಿನಲ್ಲಿ ಪಿಯುಸಿ ಮುಗಿಸಿ ಟೈಪಿಂಗ್ ಕಲಿಯಲು ಸೇರಿದಾಗ ಅಲ್ಲಿನ ಮೇಷ್ಟ್ರು ಕೈಗಳ ಮೇಲೆ ಕರವಸ್ತ್ರ ಹೊದಿಸಿ ಪಾಠ ಮಾಡುತ್ತಿದ್ದರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ ಅವಳು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೆನೋ ಆದಳು. ರೈಲ್ವೆಯಲ್ಲಿದ್ದ ಶೇಷಾದ್ರಿಯನ್ನು ಮದುವೆಯಾದಳು. ಗಂಡನಿಗೆ ವಡೋದರಾಕ್ಕೆ ವರ್ಗವಾದಾಗ ತಾನೂ ವರ್ಗ ಕೇಳಿ ಪಡೆದು ಬಂದಳು. ಕಚೇರಿಗೆ ಕಂಪ್ಯೂಟರ್ ಬಂದು ಉಳಿದವರೆಲ್ಲ ಹೆದರಿ ಕೂತಿದ್ದ ದಿನಗಳಲ್ಲಿ ಅವಳು ಒಂದು ವಾರದೊಳಗೆ ಅದನ್ನು ಒಗ್ಗಿಸಿಕೊಂಡಿದ್ದಳು. ಗುಜರಾತಿ ಸಹೋದ್ಯೋಗಿಗಳು ಅವಳ ಮೇಜಿನ ಬಳಿ ನಿಂತು, ಆ ಬೆರಳುಗಳು ಓಡುವುದನ್ನು ಸುಮ್ಮನೆ ನೋಡಿ ಹೋಗುತ್ತಿದ್ದರು. ಅದು ಅವಳಿಗೆ ಇಷ್ಟವಾಗುತ್ತಿತ್ತು.

ಮಕರಪುರದ ಕೈಗಾರಿಕಾ ಪ್ರದೇಶದ ಬಾಯಲ್ಲಿ ದಾಮೋದರ ಎಂಬವನ ಉಡುಪಿ ಹೋಟೆಲು. ಪಾಳಿ ಮುಗಿಸಿ ಬರುವ ಕಾರ್ಖಾನೆಯವರಿಂದ ಅದು ಯಾವಾಗಲೂ ತುಂಬಿರುತ್ತಿತ್ತು. ಊರಿಗೆ ಹೊಸದಾಗಿ ಬಂದಾಗ ಇಂದುಮತಿ ಮತ್ತು ಶೇಷಾದ್ರಿ ಅಲ್ಲಿಗೆ ದೋಸೆ ತಿನ್ನಲು ಹೋಗಿದ್ದರು. ಅವರು ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದು, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಒಬ್ಬ ಹೆಂಗಸು ಹೊರಗೆ ಬಂದಳು. ದಾಮೋದರನ ಹೆಂಡತಿ ಸುಮಿತ್ರಾ. ಬಾರ್ಕೂರಿನ ಕಡೆಯವಳು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಅಂದಿನಿಂದ ಅವರಿಬ್ಬರ ಸ್ನೇಹ. ಇಂದುಮತಿ ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಸುಮಿತ್ರಾಳಿಗೆ ಅವಳು ಇಂದಕ್ಕ.

ಸುಮಿತ್ರಾಳ ಬಲಗೈ ನಡುಗುತ್ತಿತ್ತು. ಎಳೆಯ ವಯಸ್ಸಿನಲ್ಲಿ ಗೊತ್ತಾಗದಷ್ಟು ಇದ್ದದ್ದು ಬರಬರುತ್ತ ಹೆಚ್ಚಿತು. ದೋಸೆ ಹೊಯ್ಯಲು, ಕಡೆಯಲು ಏನೂ ತೊಂದರೆ ಇರಲಿಲ್ಲ. ಪೆನ್ನು ಹಿಡಿದರೆ ಮಾತ್ರ ಅಕ್ಷರ ಅಕ್ಷರವಾಗಿ ಉಳಿಯುತ್ತಿರಲಿಲ್ಲ. ಆದ್ದರಿಂದ ಅವಳಿಗೆ ಏನು ಬರೆಯಬೇಕಾದರೂ ಇಂದಕ್ಕನೇ ಗತಿ. ಊರಿನ ಅಕ್ಕನಿಗೆ ಪತ್ರ, ಶಾಲೆಗೆ ಮಗನ ರಜೆಯ ಚೀಟಿ, ಆಮೇಲಾಮೇಲೆ ಈಮೇಲು, ಎಲ್ಲವೂ ಹಾಗೆಯೇ. ಸುಮಿತ್ರಾ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, ಇಂದುಮತಿ ಹೊಡೆಯುತ್ತಿದ್ದಳು. ಮಧ್ಯೆ ಮಧ್ಯೆ ಇಬ್ಬರೂ ನಗುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು ಬಂತು. ಇಂದುಮತಿಗೆ ತಿಳಿಯದ ಸಂಗತಿ ಸುಮಿತ್ರಾಳ ಬದುಕಿನಲ್ಲಿ ಇಲ್ಲವೇ ಇಲ್ಲ ಎಂದು ಇಬ್ಬರ ಗಂಡಂದಿರೂ ತಮಾಷೆ ಮಾಡುವಷ್ಟು.

ನಿವೃತ್ತಿಯಾದ ಮೇಲೆ ಇಂದುಮತಿ ಕನ್ನಡ ಸಂಘದ ಕೋಣೆಯಲ್ಲಿ ಭಾನುವಾರದ ಟೈಪಿಂಗ್ ಕ್ಲಾಸು ಶುರು ಮಾಡಿದಳು. ಸದಸ್ಯರೊಬ್ಬರ ಕಾರ್ಖಾನೆಯವರು ಬದಲಾಯಿಸಿದ ಹಳೆಯ ಕಂಪ್ಯೂಟರುಗಳು ಅಲ್ಲಿದ್ದವು. ಬರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಜೊತೆಗೆ ಹೋಟೆಲು ನಡೆಸುವ ಒಬ್ಬಿಬ್ಬರು ಗಂಡಸರು. ಇಂದುಮತಿಯ ಪಾಠ ಹಳೆಯ ಮೇಷ್ಟ್ರ ಪಾಠವೇ. ಬೆನ್ನು ನೆಟ್ಟಗಿರಬೇಕು, ಮಣಿಕಟ್ಟು ಮೇಜಿಗೆ ತಾಗಬಾರದು, ಕಣ್ಣು ಕೆಳಗಿಳಿಯಬಾರದು.

ಒಂದು ದಿನ ಸುಮಿತ್ರಾಳೂ ಬಂದು ಕೂತಳು.

“ನಿನಗ್ಯಾಕೆ ಇದೆಲ್ಲ? ನಾನಿಲ್ವೇನೇ?” ಎಂದು ಇಂದುಮತಿ ನಕ್ಕಳು.

“ಕಲಿತರೆ ಒಳ್ಳೇದಲ್ವಾ ಇಂದಕ್ಕ. ನವೆಂಬರಿಗೆ ರಾಜ್ಯೋತ್ಸವದ ಸಂಚಿಕೆ ತರ್ತಾರಂತೆ. ನಾನೂ ಒಂಚೂರು ಬರಿಬೇಕು ಅಂತ ಉಂಟು.”

ಸುಮಿತ್ರಾಳಿಗೆ ಕಲಿಕೆ ಹತ್ತಲಿಲ್ಲ. ಬೆರಳು ಕೀಲಿಯ ಮೇಲೆ ಒಂದು ಗಳಿಗೆ ಹೆಚ್ಚು ಕೂತರೆ ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟುತ್ತಿತ್ತು. ಕೈ ನಡುಗಿ ಪಕ್ಕದ ಕೀಲಿಗೆ ತಾಗಿದರೆ ಬೇಡದ ಅಕ್ಷರ ನಡುವೆ ನುಗ್ಗುತ್ತಿತ್ತು. ಕನ್ನಡದಲ್ಲಿ ದೀರ್ಘಕ್ಕೂ ಳಕಾರಕ್ಕೂ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದೇ ಇನ್ನೊಂದನ್ನು ಹೊಡೆಯಬೇಕಲ್ಲ, ಅದಂತೂ ಅವಳಿಂದ ಆಗುತ್ತಿರಲಿಲ್ಲ. ‘ಬಾಳೆ’ ಎಂದು ಹೊಡೆಯಲು ಹೋದರೆ ‘ಬಲೆ’ ಬರುತ್ತಿತ್ತು. ಇಂದುಮತಿ ಅವಳ ಮಣಿಕಟ್ಟನ್ನು ಎತ್ತಿ ಹಿಡಿದು, “ಗಮನ ಕೊಡು ಸುಮಿತ್ರಾ, ಗಮನ ಕೊಟ್ಟರೆ ಬರುತ್ತೆ” ಎನ್ನುತ್ತಿದ್ದಳು. ಬರುವುದಿಲ್ಲ ಎಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಬರದಿದ್ದರೂ ಏನೂ ಕೆಡುವುದಿಲ್ಲ, ಹೇಗೂ ತಾನಿದ್ದೇನಲ್ಲ ಎಂದೂ ಅನಿಸುತ್ತಿತ್ತು.

ಮಳೆಗಾಲದ ಹೊತ್ತಿಗೆ ವಿಂಧ್ಯಾ ಬಂದಳು. ಹುಬ್ಬಳ್ಳಿಯವಳು, ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ಬಂದು ಮಾಂಜಲಪುರದಲ್ಲಿ ಮನೆ ಮಾಡಿದ್ದಳು. ಸಂಘದ ಪರಿಚಯವಾಗಲಿ ಎಂದು ಒಂದು ಭಾನುವಾರ ಕ್ಲಾಸಿಗೆ ಬಂದವಳು, ಸುಮಿತ್ರಾಳ ಕುರ್ಚಿಯ ಹಿಂದೆ ನಿಂತು ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದಳು.

“ಅಕ್ಕಾರ, ಒಂದ್ ನಿಮಿಷ ಜಾಗಾ ಕೊಡ್ತೀರೇನ್ರಿ?”

ಸುಮಿತ್ರಾ ಸರಿದು ಕೂತಳು. ವಿಂಧ್ಯಾ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು, ಅಲ್ಲಿ ಇಲ್ಲಿ ಒತ್ತಿ, ಏನೋ ಬದಲಾಯಿಸಿದಳು.

“ಈಗ ಹೊಡೀರಿ. ಅವಸರ ಬ್ಯಾಡ. ಒತ್ತಿ ಚೂರು ಹಿಡೀರಿ, ಆಮ್ಯಾಲೆ ಬಿಡ್ರಿ. ಶಿಫ್ಟ್ ಹಿಡ್ಕೊಂಡು ಕೂಡೂದು ಬ್ಯಾಡ. ಒಂದ್ ಸಲ ಒತ್ತಿ ಕೈ ಬಿಟ್ರ ಅದು ನೆನಪಿಟ್ಕೊಂತದ.”

“ಕೈ ಪಕ್ಕದ್ದಕ್ಕೆ ತಾಗಿದ್ರೆ ಎಂತ ಮಾಡುದು?”

“ತಾಗ್ಲಿ ಬಿಡ್ರಿ. ಸುಮ್ನ ತಾಗಿದ್ದನ್ನ ಅದು ತಗೊಳಂಗಿಲ್ಲ. ನಮ್ಮ ಅಪ್ಪಗ ಲಕ್ವಾ ಹೊಡದಾಗ ನಾ ಹಿಂಗ ಮಾಡಿ ಕೊಟ್ಟಿದ್ದೆ.”

ಸುಮಿತ್ರಾ ಒಂದೊಂದೇ ಕೀಲಿಯನ್ನು, ಇಡ್ಲಿ ಬೆಂದಿದೆಯೋ ಎಂದು ಒತ್ತಿ ನೋಡುವವಳ ಹಾಗೆ ಒತ್ತಿದಳು. ಕೈ ಎಂದಿನಂತೆ ನಡುಗುತ್ತಲೇ ಇತ್ತು. ಆದರೂ ಪರದೆಯ ಮೇಲೆ ಬೇಕಾದ ಅಕ್ಷರಗಳಷ್ಟೇ ಬಂದು ನಿಂತವು.

“ಇಂದಕ್ಕ, ನೋಡಿ ಬನ್ನಿ. ಬಾಳೆಯೇ ಬಂತು.”

ಕೋಣೆಯಲ್ಲಿದ್ದವರೆಲ್ಲ ಎದ್ದು ಬಂದು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಇಂದುಮತಿಯೂ ಬಂದು ನೋಡಿದಳು. ಸುಮಿತ್ರಾಳ ಮುಖದಲ್ಲಿ ಆ ನಗುವನ್ನು ಅವಳು ಎಂದೂ ನೋಡಿರಲಿಲ್ಲ. ಆ ನಗು ತಿರುಗಿದ್ದು ವಿಂಧ್ಯಾಳ ಕಡೆಗೆ.

“ಒಳ್ಳೇದೇ. ಆದರೆ ಇದು ಕಲಿತ ಹಾಗಾಗಲಿಲ್ಲ” ಎಂದಳು ಇಂದುಮತಿ. “ಬೇರೆ ಕಂಪ್ಯೂಟರ್ ಮುಂದೆ ಕೂತರೆ ಮತ್ತೆ ಅದೇ ಕತೆ.”

“ಬ್ಯಾರೇದರಾಗೂ ಹಿಂಗ ಮಾಡ್ಕೋಬಹುದ್ರಿ ಅಕ್ಕಾರ. ಕನ್ನಡಕ ಹಾಕ್ಕೊಂಡು ಓದಿದ್ರ ಅದೂ ಓದೇ ಅಲ್ಲೇನ್ರಿ?”

ವಿಂಧ್ಯಾಳ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಇಂದುಮತಿ ತನ್ನ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಮುಂದಿನ ಮೇಜಿಗೆ ಹೋದಳು.

ಅಲ್ಲಿಂದ ಅವಳಿಗೆ ನೆಮ್ಮದಿ ಇಲ್ಲವಾಯಿತು. ಸುಮಿತ್ರಾಳ ಬಾಯಿಗೆ ‘ವಿಂಧ್ಯಾ ಹೇಳಿದ್ಲು’ ಎಂಬ ಮಾತು ಅಂಟಿಕೊಂಡಿತು. ಕೆಸುವಿನ ಎಲೆ ಸಿಕ್ಕಿದಾಗೆಲ್ಲ ಸುಮಿತ್ರಾ ಪತ್ರೊಡೆ ಮಾಡಿ ದಾಮೋದರನ ಕೈಯಲ್ಲಿ ಇಂದುಮತಿಯ ಮನೆಗೆ ಕಳಿಸುವುದು ವಾಡಿಕೆ. ಈ ವರ್ಷವೂ ಕಳಿಸಿದಳು. ಡಬ್ಬಿ ತೆಗೆದುಕೊಳ್ಳುವಾಗ ದಾಮೋದರನ ಸ್ಕೂಟರಿಗೆ ಇನ್ನೊಂದು ಚೀಲ ತೂಗುಹಾಕಿದ್ದು ಇಂದುಮತಿಯ ಕಣ್ಣಿಗೆ ಬಿತ್ತು.

“ಅದು ಯಾರಿಗೆ?”

“ವಿಂಧ್ಯಾರ ಮನೆಗೆ. ಪಾಪ, ಕೆಲಸಕ್ಕೆ ಹೋಗುವವರು, ಅಡುಗೆಗೆ ಪುರುಸೊತ್ತಿಲ್ಲ ಅಂತ ಇವಳು ಕಟ್ಟಿ ಕೊಟ್ಟದ್ದು.”

“ಎರಡು ಮನೆಗೂ ಕೊಡೋದಿದ್ರೆ ಮೊದಲು ಎಲ್ಲಿಗೆ ಹೋಗ್ತೀರಾ?”

ದಾಮೋದರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ದಾರಿ ಹೇಗೆ ಸಿಗ್ತದೋ ಹಾಗೆ” ಎಂದು ಸ್ಕೂಟರ್ ಹತ್ತಿದ. ಒಳಗೆ ಬಂದ ಇಂದುಮತಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಗುಜರಾತಿ ಪೇಪರ್ ಓದುತ್ತಿದ್ದ ಶೇಷಾದ್ರಿ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಬಿಸಿಯಾಗಿದೆ, ತಿನ್ನು” ಎಂದರು. ಅವಳು ಆ ದಿನ ತಿನ್ನಲಿಲ್ಲ.

ಲೇಖನದ ವಿಷಯ ಇನ್ನೂ ಹೆಚ್ಚು ಕಾಡಿತು. ಸುಮಿತ್ರಾ ಏನು ಬರೆಯುತ್ತಿದ್ದಾಳೆ ಎಂದು ಕೇಳಿದರೆ, “ಮುಗೀಲಿ ಇಂದಕ್ಕ, ತೋರಿಸ್ತೇನೆ” ಎನ್ನುತ್ತಿದ್ದಳು. ಅಷ್ಟೂ ವರ್ಷ ಸುಮಿತ್ರಾಳ ಒಂದು ಸಾಲೂ ಇಂದುಮತಿಯ ಕೈ ಹಾಯದೆ ಹೊರಗೆ ಹೋದದ್ದಿಲ್ಲ. ಒಂದು ಭಾನುವಾರ ವಿಂಧ್ಯಾ, “ಮೊದಲ್ನೇ ಪುಟ ಭಾಳ ಚಂದ ಬಂದೈತ್ರಿ, ಓದಿ ನಗು ತಡೀಲಿಲ್ಲ ನನಗ” ಎಂದು ಸಹಜವಾಗಿ ಹೇಳಿಬಿಟ್ಟಳು. ಅಂದರೆ ಅವಳಿಗೆ ತೋರಿಸಿಯಾಗಿದೆ. ಇಂದುಮತಿ, “ಹೌದಾ, ಸಂತೋಷ” ಎಂದಳು. ಮನೆಗೆ ಹೋಗುವ ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳು ಆ ಮೊದಲ ಪುಟದಲ್ಲಿ ಏನಿರಬಹುದು ಎಂದು ಯೋಚಿಸಿದಳು. ನಗುವಂಥದ್ದು ಏನು? ತನಗೆ ಹೇಳದ ತಮಾಷೆ ಯಾವುದು?

ಹೀಗಿರುವಾಗ ಇನ್ನೊಂದು ನಡೆಯಿತು. ಸಂಘದ ಕಾರ್ಯದರ್ಶಿ ಗಿರಿಧರ ಗಡಿಬಿಡಿಯಲ್ಲಿ ಬಂದು, ಸಂಜೆಯ ಸಭೆಗೆ ಒಂದು ನೋಟೀಸು ಬೇಕು, ಮೇಡಂ ಐದು ನಿಮಿಷದಲ್ಲಿ ಹೊಡೆದು ಕೊಡಬೇಕು ಎಂದು ಕೇಳಿಕೊಂಡ. ಆಗ ಖಾಲಿ ಇದ್ದದ್ದು ಸುಮಿತ್ರಾ ಕೂರುವ ಕಂಪ್ಯೂಟರ್ ಒಂದೇ. ವಿಂಧ್ಯಾಳೂ ಅಲ್ಲೇ ಇದ್ದಳು. ಇಂದುಮತಿಗೆ ಒಳಗೊಳಗೇ ಖುಷಿಯಾಯಿತು. ಟೈಪಿಂಗ್ ಅಂದರೆ ಏನು ಎಂಬುದನ್ನು ಈ ಹುಡುಗಿಯೂ ಒಂದು ಸಲ ನೋಡಲಿ. ಬೆನ್ನು ನೆಟ್ಟಗೆ ಮಾಡಿ ಕೂತಳು. ಗಿರಿಧರ ಹೇಳುತ್ತಾ ಹೋದ, ಬೆರಳುಗಳು ಓಡಿದವು. ಕೀಲಿಗಳ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ಎರಡು ವಾಕ್ಯ ಮುಗಿಸಿ ಗಿರಿಧರನಿಂದ ಕಣ್ಣು ತಿರುಗಿಸಿ ನೋಡಿದರೆ ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಬಿದ್ದಿತ್ತು. ಒತ್ತಿ ಹಿಡಿಯದ ಯಾವ ಕೀಲಿಯನ್ನೂ ಆ ಯಂತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ಮೇಡಂ, ಕೀಬೋರ್ಡ್ ಕೆಟ್ಟಿದೆಯಾ?” ಎಂದ ಗಿರಿಧರ.

ಇಂದುಮತಿ ಇನ್ನೊಮ್ಮೆ ಹೊಡೆದಳು, ಇನ್ನೂ ಜೋರಾಗಿ. ಏನೂ ಬರಲಿಲ್ಲ. ಆಗ ಹಿಂದಿನಿಂದ ಸುಮಿತ್ರಾ, ಚಿಕ್ಕ ಮಗುವಿಗೆ ಹೇಳಿಕೊಡುವಷ್ಟು ಅಕ್ಕರೆಯಿಂದ, “ನಿಧಾನ ಇಂದಕ್ಕ. ಒತ್ತಿ ಚೂರು ಹಿಡೀಬೇಕು, ಆಮೇಲೆ ಬಿಡುದು” ಎಂದಳು.

ಇಡೀ ಕೋಣೆ ನಕ್ಕಿತು. ಸುಮಿತ್ರಾಳೂ ನಕ್ಕಳು. ಇಂದುಮತಿಯೂ ನಕ್ಕಳು, ನಗದೆ ಬೇರೆ ದಾರಿ ಇರಲಿಲ್ಲ. ವಿಂಧ್ಯಾ ಮಾತ್ರ ನಗದೆ, “ತಡೀರಿ ಅಕ್ಕಾರ, ಆ ಸೆಟ್ಟಿಂಗ್ ತಗದು ಕೊಡ್ತೀನಿ” ಎಂದು ಬಾಗಿ ಸರಿಮಾಡಿಕೊಟ್ಟಳು. ಕೆಲಸ ಮುಗಿದ ಮೇಲೆ ಮತ್ತೆ ಸುಮಿತ್ರಾಳಿಗೆ ಬೇಕಾದ ಹಾಗೆ ಇಟ್ಟಳು. ಇಂದುಮತಿ ಎದ್ದು ನಿಂತು ಅದನ್ನು ನೋಡಿಕೊಂಡಳು. ಯಾವುದನ್ನು ತೆರೆಯಬೇಕು, ಎಲ್ಲಿ ಒತ್ತಬೇಕು ಎಂಬುದು ಒಂದೇ ನೋಟಕ್ಕೆ ಅವಳ ತಲೆಯಲ್ಲಿ ಕೂತಿತು.

ಸ್ವಲ್ಪ ದಿನಕ್ಕೆ ವಿಂಧ್ಯಾ ಬ್ಯಾಂಕಿನ ತರಬೇತಿಗೆಂದು ಅಹಮದಾಬಾದಿಗೆ ಹೋದಳು. ಅಲ್ಲಿನ ಬೋಪಾಲ್ ಬಡಾವಣೆಯಲ್ಲಿ ಅವಳ ಗಂಡನ ಅಕ್ಕನ ಮನೆ, ಅಲ್ಲೇ ಉಳಿದು ತಿಂಗಳ ಕೊನೆಗೆ ಬರುವವಳಿದ್ದಳು. ಅವಳಿಲ್ಲದ ಮೊದಲ ಭಾನುವಾರ ಇಂದುಮತಿ ಎಲ್ಲರಿಗಿಂತ ಮೊದಲು ಬಂದು ಕೋಣೆಯ ಬೀಗ ತೆಗೆದಳು. ಸುಮಿತ್ರಾಳ ಕಂಪ್ಯೂಟರ್ ಹಾಕಿ, ವಿಂಧ್ಯಾ ಮಾಡಿದ್ದ ಬದಲಾವಣೆಗಳನ್ನೆಲ್ಲ ಒಂದೊಂದಾಗಿ ತೆಗೆದಳು. ಹಾಗೆ ಮಾಡುವಾಗ ಅವಳ ಕೈ ಅಳುಕಲಿಲ್ಲ. ಸಂಘದ ಕಂಪ್ಯೂಟರ್ ಎಲ್ಲರದ್ದು, ಎಲ್ಲರಿಗೂ ಒಂದೇ ರೀತಿ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕಿಟಕಿ ತೆರೆದು, ಕಸ ಗುಡಿಸಿ, ಉಳಿದವರಿಗಾಗಿ ಕಾದಳು.

ಸುಮಿತ್ರಾ ಉತ್ಸಾಹದಿಂದ ಬಂದು ಕೂತಳು. ಲೇಖನದ ಕೊನೆಯ ಭಾಗ ಬಾಕಿ ಇತ್ತು. ಗಿರಿಧರ ಅದಕ್ಕಾಗಿ ಪಕ್ಕದಲ್ಲೇ ನಿಂತಿದ್ದ. ಅವಳು ವಿಂಧ್ಯಾ ಕಲಿಸಿದ ಹಾಗೆ ಮೊದಲ ಕೀಲಿಯನ್ನು ಒತ್ತಿ ಹಿಡಿದಳು. ಬಬಬಬಬಬ ಎಂದು ಅಕ್ಷರ ಪರದೆಯ ಅಂಚಿನವರೆಗೂ ಓಡಿತು. ಅಳಿಸಲು ಹೋದರೆ ಬರೆದದ್ದರಲ್ಲೂ ಒಂದಷ್ಟು ಅಳಿದುಹೋಯಿತು. ಇನ್ನೊಂದು ಒತ್ತಿದಳು, ಅದೂ ಹಾಗೆಯೇ. ವಿಂಧ್ಯಾ ಯಂತ್ರದಲ್ಲಿ ಏನೋ ಬದಲಿಸಿದ್ದಳು ಎನ್ನುವುದು ಸುಮಿತ್ರಾಳಿಗೆ ಗೊತ್ತಿತ್ತು. ಆದರೆ ನೋಟೀಸಿನ ದಿನ ತೆಗೆದದ್ದನ್ನು ವಿಂಧ್ಯಾಳೇ ಮತ್ತೆ ಸರಿಮಾಡಿ ಇಟ್ಟಿದ್ದಳಲ್ಲ, ಅದು ಹಾಗೇ ಇರುತ್ತದೆ ಎಂದೇ ಅವಳ ತಿಳಿವಳಿಕೆ. ಅದನ್ನು ಬೇರೆ ಯಾರಾದರೂ ಹೇಳದೆ ತೆಗೆಯಬಹುದು ಎಂಬ ಯೋಚನೆ ಅವಳಿಗೆ ಬರುವಂತೆಯೇ ಇರಲಿಲ್ಲ. ಅವಳು ನೋಡಿದ್ದು ತನ್ನ ಕೈಯನ್ನು. ಎಡಗೈಯನ್ನು ಬಲಗೈಯ ಮೇಲಿಟ್ಟು ಅದುಮಿ ಹಿಡಿದಳು. “ತಲೆ ಸುತ್ತುತ್ತಾ ಉಂಟು, ನಾನು ಹೊರಡ್ತೇನೆ” ಎಂದು ಎದ್ದಳು.

ಇಂದುಮತಿಗೆ ಒಂದು ಗಳಿಗೆ ಹಾಯೆನಿಸಿತು. ಇನ್ನು ಇವಳು ನನ್ನ ಬಳಿ ಬರಬೇಕು, ಇಂದಕ್ಕ ನೀವೇ ಹೊಡೆದು ಕೊಡಿ ಅನ್ನಬೇಕು, ಪಕ್ಕದಲ್ಲಿ ಕೂತು ಹೇಳಬೇಕು. ಆ ವಾರವಿಡೀ ಅವಳು ಫೋನಿನ ದಾರಿ ಕಾದಳು. ಫೋನು ಬರಲಿಲ್ಲ. ಮುಂದಿನ ಭಾನುವಾರ ಸುಮಿತ್ರಾ ಕ್ಲಾಸಿಗೂ ಬರಲಿಲ್ಲ. ಇಂದುಮತಿಯೇ ಹೋಟೆಲಿಗೆ ಫೋನ್ ಮಾಡಿದಾಗ ದಾಮೋದರ ಎತ್ತಿದ.

“ಅವಳಿಗೆ ಕೈ ನಡುಕ ಜಾಸ್ತಿ ಆಗಿದೆ ಇಂದಕ್ಕ. ಅಡುಗೆಮನೆಗೂ ಬರುದಿಲ್ಲ, ಊಟವೂ ಸರಿಯಾಗಿ ಮಾಡುದಿಲ್ಲ. ಅಹಮದಾಬಾದಿನಲ್ಲಿ ನರದ ಡಾಕ್ಟ್ರಿಗೆ ತೋರಿಸುವ ಅಂತ ಹೇಳಿ ಇಟ್ಟಿದ್ದೇನೆ. ಅವಳ ಅಮ್ಮನ ಕತೆ ನಿಮಗೆ ಗೊತ್ತುಂಟಲ್ಲ.”

ಇಂದುಮತಿಗೆ ಗೊತ್ತಿತ್ತು. ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಸುಮಿತ್ರಾಳ ಅಮ್ಮನಿಗೂ ಹೀಗೇ ಕೈ ನಡುಕ. ಕೊನೆಯ ವರ್ಷಗಳಲ್ಲಿ ಅನ್ನದ ತುತ್ತು ಬಾಯಿಗೆ ತಲುಪದೆ, ಊರಿಗೆ ಹೋದಾಗಲೆಲ್ಲ ಸುಮಿತ್ರಾಳೇ ಉಣ್ಣಿಸಿ ಬರುತ್ತಿದ್ದಳು. ನನಗೂ ಹಾಗಾದರೆ ಎಂದು ಅವಳು ಕೇಳಿದಾಗ, ಆಗುವುದಿಲ್ಲ ಕಣೇ ಎಂದು ಕೈ ಹಿಡಿದು ಧೈರ್ಯ ಹೇಳಿದವಳೂ ಇಂದುಮತಿಯೇ.

ಫೋನಿಟ್ಟು, ಇದ್ದ ಸೀರೆಯಲ್ಲೇ ರಿಕ್ಷಾ ಹತ್ತಿದಳು.

ಸುಮಿತ್ರಾಳ ಮನೆ ಹೋಟೆಲಿನ ಮೇಲ್ಮಾಳಿಗೆಯಲ್ಲಿ. ಇಂದುಮತಿ ಹೋದಾಗ ಅವಳು ಊಟದ ಮೇಜಿನ ಮುಂದೆ ಒಬ್ಬಳೇ ಕೂತು, ಲೋಟದ ತುಂಬ ನೀರು ತುಂಬಿ ಮೇಲಕ್ಕೆತ್ತಿ ನೋಡುತ್ತಿದ್ದಳು. ಮೇಜಿನ ಮೇಲೆಲ್ಲ ನೀರು ಚೆಲ್ಲಿತ್ತು.

“ಬನ್ನಿ ಇಂದಕ್ಕ. ನೋಡಿ, ಮೊನ್ನೆಗಿಂತ ಹೆಚ್ಚು ಚೆಲ್ತದೆ.”

“ನಿನ್ನ ಕೈಗೆ ಏನೂ ಆಗಿಲ್ಲ ಸುಮಿತ್ರಾ.”

“ಸಮಾಧಾನಕ್ಕೆ ಹೇಳ್ಬೇಡಿ.”

“ಸಮಾಧಾನಕ್ಕಲ್ಲ ಕಣೇ. ವಿಂಧ್ಯಾ ಮಾಡಿ ಕೊಟ್ಟಿದ್ದ ಸೆಟ್ಟಿಂಗನ್ನ ನಾನು ತೆಗೆದುಬಿಟ್ಟಿದ್ದೆ. ಆ ಭಾನುವಾರ, ನೀನು ಬರೋಕೆ ಮುಂಚೆ. ಕೀಬೋರ್ಡು ಹಳೇ ಥರ ಆಗಿತ್ತು, ಅದಕ್ಕೇ ಅಕ್ಷರ ಹಾಗೆ ಓಡಿದ್ದು. ನಿನ್ನ ಕೈ ಯಾವಾಗಿನ ಹಾಗೇ ಇದೆ.”

ಸುಮಿತ್ರಾ ಲೋಟ ಕೆಳಗಿಟ್ಟಳು.

“ಹಾಗಾದ್ರೆ ಕೈ ಜಾಸ್ತಿ ಆಗ್ಲಿಲ್ವಾ?”

“ಇಲ್ಲ.”

“ನಿಜವಾ?”

“ನಿಜ.”

ಸುಮಿತ್ರಾ ಎದ್ದು ಮೆಟ್ಟಿಲ ಬಳಿ ಹೋಗಿ ಕೆಳಗಿದ್ದ ಗಂಡನನ್ನು ಕೂಗಿದಳು. “ಹೋಯ್, ಕೇಳಿತಾ? ಕೈಗೆ ಎಂತದೂ ಆಗ್ಲಿಲ್ಲಂತೆ. ಕಂಪ್ಯೂಟರಿನದ್ದೇ ತೊಂದರೆಯಂತೆ.” ಅವಳ ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಮತ್ತೆ ಕೂತಳು. ಚೆಲ್ಲಿದ ನೀರನ್ನು ಒರೆಸಿದಳು. ಒರೆಸುತ್ತಿದ್ದ ಹಾಗೇ ಅವಳ ಕೈ ನಿಂತಿತು.

“ಎಂತಕ್ಕೆ ತೆಗೆದದ್ದು?”

ರಿಕ್ಷಾದಲ್ಲಿ ಬರುವಾಗ ಇಂದುಮತಿ ಇದಕ್ಕೊಂದು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಸರಿಯಾದ ರೀತಿಯಲ್ಲೇ ಕಲಿಯಲಿ ಎಂದು, ಶಿಸ್ತಿಗೆಂದು. ಅದು ಬಾಯಿಗೆ ಬರಲಿಲ್ಲ.

“ಹೊಟ್ಟೆಕಿಚ್ಚು” ಎಂದಳು.

“ಯಾರ ಮೇಲೆ?”

“ಅವಳ ಮೇಲೆ. ನಾನು ಇಷ್ಟು ದಿನ ಹೇಳಿಕೊಟ್ಟರೂ ಬರದೇ ಇದ್ದದ್ದು, ಅವಳು ಬಂದ ದಿನವೇ ಬಂತಲ್ಲ. ನಿನ್ನ ಮೇಲೂ ಇತ್ತು. ನೀನು ಬರೆದದ್ದನ್ನು ಅವಳಿಗೆ ತೋರಿಸಿದೆ, ನನಗೆ ತೋರಿಸಲಿಲ್ಲ.”

ಸುಮಿತ್ರಾ ಮತ್ತೆ ಮೇಜು ಒರೆಸತೊಡಗಿದಳು. ಮಾತಾಡತೊಡಗಿದಾಗ ದನಿ ಏರಲಿಲ್ಲ.

“ನಿಮಗೆ ಯಾಕೆ ತೋರಿಸ್ಲಿಲ್ಲ ಅಂದ್ರೆ, ನೀವು ತಿದ್ದುತ್ತೀರಿ ಅಂತ. ನಾನು ‘ಎಂತ’ ಅಂದ್ರೆ ನೀವು ‘ಏನು’ ಅಂತ ಹೊಡೀತೀರಿ. ‘ಉಂಟು’ ಅಂದ್ರೆ ‘ಇದೆ’ ಅಂತ ಹೊಡೀತೀರಿ. ಊರಿಂದ ನನ್ನ ಅಕ್ಕ ಒಮ್ಮೆ ಫೋನಿನಲ್ಲಿ ಕೇಳಿದ್ಲು, ಪತ್ರ ಬರೆದದ್ದು ನೀನಾ, ಇಲ್ಲ ಶಾಲೆಯ ಟೀಚರಾ ಅಂತ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ನನ್ನ ಮಾತು ನನ್ನ ಹಾಗೇ ಕಾಗದದಲ್ಲಿ ಒಮ್ಮೆ ನೋಡ್ಬೇಕು ಅಂತ ಆಸೆ ಇತ್ತು. ಟೈಪಿಂಗ್ ಕಲಿಯಲಿಕ್ಕೆ ಬಂದದ್ದೇ ಅದಕ್ಕೆ.”

ತಿದ್ದುವುದು ಉಪಕಾರ ಎಂದೇ ಇಂದುಮತಿ ನಂಬಿದ್ದಳು.

“ನಾನು ಎಷ್ಟು ಹೆದರಿದ್ದೆ ಗೊತ್ತುಂಟಾ ನಿಮಗೆ? ಅಮ್ಮನಿಗೆ ಉಣ್ಣಿಸಿದ್ದೇ ನೆನಪಾಗ್ತಿತ್ತು. ನನಗೆ ಯಾರು ಉಣ್ಣಿಸ್ತಾರೆ ಅಂತ.” ಸುಮಿತ್ರಾ ಒದ್ದೆ ಬಟ್ಟೆಯನ್ನು ಹಿಂಡಿ ಬದಿಗಿಟ್ಟಳು. “ಈಗ ಹೋಗಿ ಇಂದಕ್ಕ. ಇನ್ನೂ ಕೂತ್ರೆ ನಾನು ಎಂತಾದ್ರೂ ಹೇಳಿಬಿಡ್ತೇನೆ.”

ಆ ಮನೆಯಿಂದ ಕಾಫಿ ಕುಡಿಯದೆ ಇಂದುಮತಿ ಹೊರಟದ್ದು ಅದೇ ಮೊದಲು.

ಮಾರನೆಯ ದಿನ ಅವಳು ಅಹಮದಾಬಾದಿನಲ್ಲಿದ್ದ ವಿಂಧ್ಯಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ತೆಗೆದದ್ದನ್ನು ಮತ್ತೆ ಹಾಕಲು ಇಂದುಮತಿಗೆ ಬರುತ್ತಿತ್ತು. ಆದರೆ ಎಷ್ಟು ಹೊತ್ತು ಒತ್ತಿ ಹಿಡಿದರೆ ಅಕ್ಷರ ಬೀಳಬೇಕು, ಎಷ್ಟು ಹೊತ್ತಿನ ಮೇಲೆ ಅದು ಮರುಕಳಿಸಬೇಕು ಎನ್ನುವುದು ತಿಳಿದಿರಲಿಲ್ಲ.

“ಅವರಿಗೆ ಆವತ್ತ ಹೇಳಬೇಕಿತ್ರಿ ಅಕ್ಕಾರ” ಎಂದಳು ವಿಂಧ್ಯಾ. ಆಮೇಲೆ ನಿಧಾನವಾಗಿ ವಿವರಿಸಿದಳು. “ಅಳತಿ ಮಾತ್ರ ನಿಮ್ಮ ಕೈಲೆ ಹೊಡದು ನೋಡಬ್ಯಾಡ್ರಿ. ನಿಮ್ಮ ಕೈಗೆ ಅದು ತಿಳಿಯಂಗಿಲ್ಲ. ಅವರನ್ನ ಕೂಡಿಸಿ, ಅವರಿಗೆ ಯಾವ್ದು ಸಮ ಅನಸ್ತದ ಅದನ್ನ ಇಡ್ರಿ.”

ಅವಳನ್ನು ಕರೆತಂದು ಕೂರಿಸುವುದು ಹೇಗೆ? ಇಂದುಮತಿ ಕಾದಳು. ಎರಡು ಭಾನುವಾರ ಸುಮಿತ್ರಾ ಬರಲಿಲ್ಲ. ಸಂಚಿಕೆಯ ಅಚ್ಚಿನ ದಿನ ಹತ್ತಿರವಾದಾಗ ಬಂದಳು. ಬಂದವಳು, “ವಿಂಧ್ಯಾ ಫೋನ್ ಮಾಡಿದ್ಲು. ನೀವು ಸರಿಮಾಡಿ ಕೊಡ್ತೀರಿ ಅಂದ್ಲು” ಎಂದಷ್ಟೇ ಹೇಳಿ ಕೂತಳು.

ಇಲ್ಲಿಯೂ ನಡುವೆ ವಿಂಧ್ಯಾಳೇ ಬಂದಳಲ್ಲ ಎಂದು ಇಂದುಮತಿಗೆ ಅನಿಸಿತು. ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. ಅಳತೆಯನ್ನು ಚೂರು ಚೂರೇ ಬದಲಾಯಿಸಿ ಒಂದೊಂದು ಸಲವೂ ಕೇಳಿದಳು.

“ಇದು?”

“ತುಂಬ ಕಾಯಿಸ್ತದೆ.”

“ಇದು?”

“ಇದು ಓಡ್ತದೆ. ಸ್ವಲ್ಪ ಹಿಂದೆ ಬನ್ನಿ.”

“ಈಗ?”

ಸುಮಿತ್ರಾ ಒಂದು ಸಾಲು ಹೊಡೆದಳು. ಇಂದುಮತಿ ಈ ಸಲ ಅವಳ ಮಣಿಕಟ್ಟನ್ನು ಎತ್ತಲಿಲ್ಲ. ಆ ಕೈ ಹೇಗೆ ಕೀಲಿಯ ಮೇಲೆ ಬಂದು, ಅಲ್ಲಾಡಿ, ತನ್ನ ಜಾಗ ಹುಡುಕಿ, ಕೂತು, ಎದ್ದು ಹೋಗುತ್ತದೆ ಎಂಬುದನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ನೋಡಲು ಕಷ್ಟವಾಯಿತು. ಅಷ್ಟು ಕಷ್ಟಪಟ್ಟು ಹೊಡೆಯುವವಳಿಗೆ ಗಮನ ಕೊಡು ಎಂದು ಹೇಳಿದ್ದೆನಲ್ಲ ಎನಿಸಿತು.

“ಇದು ಸರಿ ಉಂಟು” ಎಂದಳು ಸುಮಿತ್ರಾ. “ಇನ್ನು ನಾನು ಮಾಡಿಕೊಳ್ತೇನೆ.”

ಇಂದುಮತಿ ಎದ್ದು ಬೇರೆಯವರ ಬಳಿಗೆ ಹೋದಳು.

ರಾಜ್ಯೋತ್ಸವದ ದಿನ ಸಂಚಿಕೆ ಎಲ್ಲರ ಕೈಗೆ ಬಂತು. ಸುಮಿತ್ರಾಳ ಲೇಖನ ಮಧ್ಯದಲ್ಲಿತ್ತು. ವಡೋದರಾಕ್ಕೆ ಬಂದ ಹೊಸದರಲ್ಲಿ ಭಾಷೆ ಬಾರದೆ ತರಕಾರಿಯವಳ ಜೊತೆ ತುಳುವಿನಲ್ಲೇ ಜಗಳವಾಡಿದ್ದು, ಗಂಡನಿಗೆ ತಿಳಿಯದಂತೆ ಪಕ್ಕದ ಮನೆಯ ಗುಜರಾತಿ ಅಜ್ಜಿಯಿಂದ ಸೈಕಲ್ ಕಲಿಯಲು ಹೋಗಿ ಇಬ್ಬರೂ ಗಟಾರಕ್ಕೆ ಬಿದ್ದದ್ದು, ಹೀಗೆ. ಶೇಷಾದ್ರಿ ಗಟ್ಟಿಯಾಗಿ ನಕ್ಕರು. ಸೂರತ್ತಿನಿಂದ ಬಂದಿದ್ದ ಯಾರೋ ಹೆಂಗಸು ಸುಮಿತ್ರಾಳನ್ನು ಹುಡುಕಿಕೊಂಡು ಬಂದು ಕೈ ಹಿಡಿದು ಮಾತಾಡಿಸಿದಳು. ಇಂದುಮತಿ ಮೂಲೆಯಲ್ಲಿ ಕೂತು ಎರಡು ಸಲ ಓದಿದಳು. ಮೊದಲನೆಯ ಸಲ ತನ್ನ ಹೆಸರಿಗಾಗಿ ಹುಡುಕಿದಳು. ಇರಲಿಲ್ಲ. ವಿಂಧ್ಯಾಳ ಹೆಸರೂ ಇರಲಿಲ್ಲ. ತನ್ನದು ಇಲ್ಲದ್ದಕ್ಕೆ ಬೇಸರವಾದುದಕ್ಕಿಂತ ಅವಳದ್ದು ಇಲ್ಲದ್ದಕ್ಕೆ ಸಮಾಧಾನವಾದದ್ದೇ ಹೆಚ್ಚು. ಅದು ತಿಳಿದಾಗ ಅವಳಿಗೆ ತನ್ನ ಮೇಲೇ ಬೇಸರವಾಯಿತು. ಎರಡನೆಯ ಸಲ ಸುಮ್ಮನೆ ಓದಿದಳು. ಗಟಾರದ ಕತೆ ತನಗೂ ಗೊತ್ತಿರಲಿಲ್ಲ. ಲೇಖನ ಚೆನ್ನಾಗಿತ್ತು. ತಾನು ಹೊಡೆದಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ ಎಂಬುದೂ ಅವಳಿಗೆ ತಿಳಿಯಿತು.

ಊಟದ ಸಾಲಿನಲ್ಲಿ ಸುಮಿತ್ರಾ ಪಕ್ಕಕ್ಕೆ ಬಂದು ನಿಂತಳು.

“ಓದಿದ್ರಾ?”

“ಓದಿದೆ. ಚೆನ್ನಾಗಿದೆ.”

“ತಪ್ಪು ಎಷ್ಟಿತ್ತು?”

“ಇತ್ತು. ಹೇಳಲ್ಲ.”

ಸುಮಿತ್ರಾ ಮುಂದೆ ನೋಡುತ್ತಲೇ ತುಸು ನಕ್ಕಳು. ತಟ್ಟೆ ತೆಗೆದುಕೊಂಡು, ಇನ್ನೊಂದನ್ನು ಇಂದುಮತಿಯ ಕೈಗೆ ಕೊಟ್ಟಳು.

ಈಗ ಇಬ್ಬರೂ ಮಾತಾಡುತ್ತಾರೆ, ಮೊದಲಿನಷ್ಟಲ್ಲ. ಹೊಸಬರು ಕ್ಲಾಸಿಗೆ ಬಂದರೆ ಇಂದುಮತಿ ಮೊದಲು ಅವರ ಕೈ ನೋಡುತ್ತಾಳೆ, ಆಮೇಲೆ ಸೆಟ್ಟಿಂಗ್ಸ್ ತೆರೆಯುತ್ತಾಳೆ. ಬೆನ್ನು ನೆಟ್ಟಗಿರಬೇಕು ಎಂಬುದನ್ನು ಮಾತ್ರ ಬಿಟ್ಟಿಲ್ಲ. ಸಂಕ್ರಾಂತಿಯ ನಂತರ ಒಂದು ದಿನ ಸುಮಿತ್ರಾ ಮತ್ತು ವಿಂಧ್ಯಾ ಸೀರೆ ಕೊಳ್ಳಲು ಸೂರತ್ತಿಗೆ ಹೊರಟರು. ಸುಮಿತ್ರಾ ಫೋನ್ ಮಾಡಿ, “ನೀವೂ ಬರ್ತೀರಾ ಇಂದಕ್ಕ?” ಎಂದು ಕೇಳಿದಳು. ಮಂಡಿ ನೋವು ಎಂದಳು ಇಂದುಮತಿ. ಆ ದಿನವಿಡೀ ಮಂಡಿ ನೋಯಲಿಲ್ಲ. ಈಗ ಅವರು ಭರೂಚ್ ದಾಟಿರಬೇಕು, ಈಗ ಅಂಗಡಿಯಲ್ಲಿರಬೇಕು, ಈಗ ಊಟ ಮಾಡುತ್ತಿರಬೇಕು ಎಂದು ಲೆಕ್ಕ ಹಾಕುತ್ತ ಕಳೆದಳು.

“ಹೋಗಬಹುದಿತ್ತಲ್ಲ” ಎಂದರು ಶೇಷಾದ್ರಿ.

“ಹೋಗಬಹುದಿತ್ತು” ಎಂದಳು ಅವಳು.

ಮುಂದಿನ ಸಲ ಕರೆದರೆ ಹೋಗಬೇಕು ಎಂದುಕೊಂಡಿದ್ದಾಳೆ. ಅವರು ಇನ್ನೂ ಕರೆದಿಲ್ಲ.